ಎದಿ ಮಟ್ಟ ತೋರಸೋ ಕ್ಯಾಮೆರಾ

...ಅದಲ್ಲೊ ವಿನಯ, ಅದು ಮೊದಲನೇದು. ಅದನ್ನ ವಾಪಸ್ ಕೊಟ್ಟು ಬಂದೆ. ಇದು ಮೂರನೇದು! ಒಂದು ಕ್ಯಾಮೆರಾ ಸಲುವಾಗಿ ಪೈಠಣ ಗೇಟಿನ ಅಂಗಡಿಗೆ ಮೂರು ಸಲ ತಿರುಗಾಡೀನಿ ನೋಡು. ಮೊದಲನೇದು ಈ ಲ್ಯಾಪ್‌ಟಾಪಿಗೆ ಹಚ್ಚಿದರ ಲೈಟ್ ಸುದ್ದಾ ಹತ್ತಲಿಲ್ಲ. ಅಂಗಡ್ಯಾಂವ ಅಂದ, ಕಾಕಾ, ನಿಮ್ಮ ಲ್ಯಾಪ್‌ಟಾಪೂ ಹಳೇದು, ಅದರಾಗಿನ ವಿಂಡೋಸೂ ಹಳೇದು, ಹೊಸ ಕ್ಯಾಮೆರಾ ಇದಕ್ಕ ಕೂಡೋದಿಲ್ಲ ಅಂತ. ಆಫೀಸಿನ ಮೂಲ್ಯಾಗ ಬಿದ್ದಿತ್ತು ಈ ಲ್ಯಾಪ್‌ಟಾಪು. ನಮ್ಮಂಥವರಿಗೆ ಹೊಸಾದು ಕೊಡ್ತಾರೇನು ಅವರು...

ಎರಡನೇದು ಕೂಡ್ತು. ಚಂದನೂ ಇತ್ತು. ಆದರ ಬಾಳ ಅಗಲ ತೋರಸ್ತಿತ್ತು. ನಮ್ಮ ಮನ್ಯಾಗ ಹಚ್ಚಿ ನೋಡಿದೆ. ನಾ ಕಂಡೆ, ಹಿಂದಿನ ಕಪಾಟ ಕಂಡ್ತು, ನಿಮ್ಮ ಕಸ್ತೂರಿ ಕಾಕಿ ಒಣಗಾಕಿದ ಸೀರಿ ಕಂಡ್ತು, ಮೇಜಿನ ಮ್ಯಾಲಿನ ನನ್ನ ಎರಡೂ ಕೈ ಕಂಡವು... ಬ್ಯಾಡ ಅನಿಸ್ತು. ಅದನ್ನೂ ವಾಪಸ್ ಕೊಟ್ಟೆ. ಇದು ನೋಡು, ಎದಿ ಮಟ್ಟ ಅಷ್ಟೇ ತೋರಸ್ತದ. ಮಾರಿ, ಅಂಗಿ ಕಾಲರ್, ಮುಗೀತು.

ಯಾಕ ನಗಲಕತ್ತಿ?

ನಗು, ನಗು. ಐದು ತಿಂಗಳಾದ ಮ್ಯಾಲ ಇವತ್ತೇ ನೋಡಿದೆ ನೀ ನಕ್ಕಿದ್ದು. ನಿನ್ನ ಕೈ ಮುಚ್ಚಿಡಬೇಕಂತ ಅಲ್ಲೊ ನಾ ಹೇಳೋದು. ಅವರಿಗೆಲ್ಲಾ ಗೊತ್ತೇ ಅದ. ಬಲಗೈದು ನಾಕು ಬೆರಳು ತಗಡು ಒತ್ತೋ ಪ್ರೆಸ್ ಮಷಿನ್ನಿಗೆ ಹೋದವು ಅಂತ ಕಾಗದದಾಗೇ ಬರದಾರ. ಆದರ ಓದೋದು ಬ್ಯಾರೆ, ನೋಡೋದು ಬ್ಯಾರೆ. ನೋಡಿದರ ಮಂದಿ ಗಾಬರಿ ಆಗ್ತಾರ, ಬ್ಯಾರೆ ಬ್ಯಾರೆ ಪ್ರಶ್ನೆ ಕೇಳ್ತಾರ...

ಪ್ರಿಯಾ, ಚಹಾ ಬ್ಯಾಡವ್ವ! ಇಲ್ಲ, ಖರೇನೇ ಬ್ಯಾಡ. ಬಾಯಿಗೆ ರುಚಿನೇ ಹತ್ತವಲ್ದು ಈಗೀಗ. ಸಕ್ರಿ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನಿನ್ನ ಗಂಡಗ ಕೊಡು. ಎಡಗೈಲೆ ಹಿಡೀಲಕತ್ತಾನಲ್ಲ... ಛಲೋ ಆಯ್ತು.

ಹಾಂ, ಎಲ್ಲಿದ್ದೆ? ನಾಳಿನ ಚೌಕಶಿ, ನಿನ್ನ ಅಪಘಾತದ ವಿಚಾರಣಿ. ಮೂರು ಕಡಿಯವರು ಒಮ್ಮೆಲೇ ಮಾತಾಡಬೇಕು. ನಾಸಿಕ ಹೆಡ್ಡಾಫೀಸಿನಿಂದ ಮೃದುಲಾ ಮೇಡಂ, ಪುಣೆಯಿಂದ ವಿಮಾ ಕಂಪನಿಯಾಂವ, ಇಲ್ಲಿ ಸಂಭಾಜಿನಗರದಾಗ ನೀ. ನಿನ್ನ ಬಾಜೂಕ ಸೂಪರ್‌ವೈಜರ್ ಅಂತ ನಾ. ನಿನಗ ಈ ಸ್ಥಿತ್ಯಾಗ ನಾಸಿಕ ತನಕಾ ಬಸ್ಸಿನ್ಯಾಗ ಜಗ್ಗಾಡೋದು ಬ್ಯಾಡಂತ ನಾನೇ ಹೇಳಿದೆ. ಸರಿ ಚಂದ್ರಾಮಪ್ಪ, ಹಂಗಾದರ ವಿಡಿಯೋ ವ್ಯವಸ್ಥಾ ನೀನೇ ಮಾಡು ಅಂದರು. ನಾ ಏನು ಬಲ್ಲೆ ಇದರಾಗ! ಹುಟ್ಟಿದಾಗಿಂದ ಕಬ್ಬಿಣ ಹಿಡದಾಂವ ನಾ.

ಕೇಳು ಇಲ್ಲಿ. ಸ್ಕೈಪಿನ್ಯಾಗ ಇಬ್ಬರು ಮಾತಾಡೋದಿದ್ದರ ಪುಕ್ಕಟೆ ನಡೀತದ, ಮೂರು ಮಾರಿ ಕಾಣಬೇಕಂದರ ರೊಕ್ಕಾ ಕೊಟ್ಟು ಬ್ಯಾರೆ ಯೋಜನಾ ತಗೋಬೇಕಂತ. ಗೂಗಲ್‌ದು ಒಂದದ, ಅದರಾಗ ಹತ್ತು ಮಂದಿ ಕೂಡಬಹುದು. ಆದರ ಪುಣೆಯಾಂವ ನನ್ನದು ಅದರಾಗ ಖಾತೆ ಇಲ್ಲ ಅಂತಾನ. ಇನ್ನೊಂದು ಅಂಗಡ್ಯಾಂವ ತೋರಿಸಿದ. ಭಾರಿ ಸ್ವಚ್ಛ, ದನಿ ಸುದ್ದಾ ಬಾಜೂಕೇ ಕುಂತು ಮಾತಾಡಿದಂಗ. ಆದರ ಅದರಾಗ ರೆಕಾರ್ಡ್ ಮಾಡೋದು ಅದ. ಆಡಿದ್ದೆಲ್ಲಾ ಉಳೀತದ. ಅದನ್ನ ಬಿಟ್ಟೆ. ಕಡೀಕ ಇದೊಂದು ಹಾಕಿಸಿದೆ. ಚಿತ್ರ ಒಂಚೂರು ಮಂಜ ಮಂಜ, ಇಂಟರ್ನೆಟ್ಟಿನ ಡೋಂಗಲ್ ಮ್ಯಾಲ ನಡುನಡುವ ನಿಂದರ್ತದ, ಆದರ ಮೂರು ಮಂದಿ ಕಾಣ್ತಾರ. ಮುಗಿದ ಮ್ಯಾಲ ಏನೂ ಉಳೆಂಗಿಲ್ಲ.

...ಯಾಕಂದರ? ಯಾಕಂದರ ಏನು, ಉಳಿದು ಏನು ಮಾಡೋದದ!

ನೀ ಹಂಗ್ಯಾಕ ನೆಲಾ ನೋಡಲಕತ್ತಿ? ಇಲ್ಲಿ ನೋಡು. ಹೋದ ವಾರ ನಾಸಿಕಕ್ಕ ಕರಸಿದ್ದರು ನನ್ನ. ಕೆಲಸ ಎರಡು ತಾಸಿನ್ಯಾಗ ಮುಗೀತು. ಬರಾಗ ಮನಸ್ಸಾಯ್ತು, ಜೀಪು ಹತ್ತಿ ತ್ರ್ಯಂಬಕೇಶ್ವರಕ್ಕ ಹೋದೆ. ಸಾಲಿನ್ಯಾಗ ನಿಂತೆ. ಮುಂದ ನಾಕು ಮಂದಿ ಅಷ್ಟೇ ಉಳದಿದ್ದರು ನೋಡು... ಏನು ಬೇಡಬೇಕಂತ ನೆನಪಾಗಲಿಲ್ಲ. ನಿನ್ನ ಹೆಸರು ತಗೋಬೇಕಂತನೇ ಹೋಗಿದ್ದೆ, ಹೆಸರು ಬಾಯಿಗೆ ಬರಲಿಲ್ಲ. ಸಾಲು ಬಿಟ್ಟು ಹೊರಗ ಬಂದೆ. ಅಳು ಬರ್ತದೇನೋ ಅಂತ ಕಟ್ಟಿ ಮ್ಯಾಲ ಕುಂತೆ. ಬರಲಿಲ್ಲ. ಜೀಪು ಹತ್ತಿ ವಾಪಸ್ ಬಂದೆ.

ಇರಲಿ. ಈ ಕಾಗದ ಹಿಡಿ. ನಾಳೆ ನೀ ಹೇಳಬೇಕಾದ್ದನ್ನ ಮೇಡಂ ಮರಾಠ್ಯಾಗ ಬರಸಿ ಕೊಟ್ಟಾರ, ನಾ ಕನ್ನಡದಾಗ ಮಾಡಿ ತಂದೀನಿ. ಬಾಳಿಲ್ಲ, ಹತ್ತು ಸಾಲು. ಪ್ರೆಸ್ಸಿಗೆ ಎರಡು ಬಟನ್ ಇರ್ತಾವ. ಎರಡೂ ಕೈಲೆ ಒಮ್ಮೆಲೇ ಒತ್ತಿದರೇ ಮ್ಯಾಲಿಂದ ಅಚ್ಚು ಇಳೀತದ. ಎರಡೂ ಕೈ ಹೊರಗಿದ್ದ ಮ್ಯಾಲ ಒಳಗ ಸಿಗೋದು ಹ್ಯಾಂಗ? ಅದಕ್ಕಂತನೇ ಹಂಗ ಮಾಡ್ಯಾರ. ಆ ದಿನ ಬಲಗಡಿ ಬಟನ್ನು ಒತ್ತಿಕೊಂಡೇ ಇರಲಂತ ಅದಕ್ಕ ಕಟ್ಟಿಗಿ ಚೂರು ಬಡದು ಕೂಡಿಸಿದ್ದೆ... ಕೂಡಿಸಿದ್ದಿ. ಕೂಡಿಸಿದ್ದಿ, ಅಂದೆ. ನೀ. ಹಂಗಂತ ಇದರಾಗ ಬರದಾರ.

ಏನು? ...ಏನಿಲ್ಲ, ಬಾಯಿ ತಪ್ಪು.

ಹಂಗ ಹೇಳಿದರ ತಪ್ಪು ಕಾರಖಾನಿ ಮ್ಯಾಲ ಬರೆಂಗಿಲ್ಲ. ನಿನ್ನ ನೌಕರಿ ಹೋಗೆಂಗಿಲ್ಲ, ಸ್ಟೋರ್‌ನ್ಯಾಗ ಕೂಡಸ್ತೀವಿ ಅಂತ ಮೇಡಂ ನನ್ನ ಮುಂದೇ ಹೇಳ್ಯಾರ. ಎಡಗೈಲೆ ಬರ್ಕೊಂಡು ಕೂಡೋದು ಅಷ್ಟೇ. ಪ್ರಿಯಾಗೂ ಜೀವಕ್ಕ ಸಮಾಧಾನ ಆಗ್ತದ. ನಾ ಎಲ್ಲಾ ನಿನ್ನ ಸಲುವಾಗೇ... ನಿನ್ನ ಸಲುವಾಗೇ ಮಾತಾಡಿ ಬಂದೀನಿ ವಿನಯ.

ಬಾ, ಒಂದ್ಸಲ ಮಾಡಿ ನೋಡೋಣ. ನೆಟ್ಟಗ ಕೂಡು. ಕೈ ತೊಡಿ ಮ್ಯಾಲ ಇಟ್ಕೊ, ಮ್ಯಾಲ ಎತ್ತಬ್ಯಾಡ. ಹಾಂ, ಬರೋಬರಿ ಕಾಣ್ತಿ. ಈಗ ನಾ ಮೇಡಂ ಇದ್ದಂಗ. ವಿನಯ ಅವರೇ, ಬಟನ್ನಿಗೆ ಕಟ್ಟಿಗಿ ಬಡದಾಂವ ಯಾರು?

...ಹೇಳು. 'ನಾನೇ ರೀ.' ಎರಡೇ ಮಾತು.

ಕೇಳಿಸಲಿಲ್ಲೇನು? ಮತ್ತೊಮ್ಮೆ ಕೇಳ್ತೀನಿ. ಕಟ್ಟಿಗಿ ಬಡದಾಂವ ಯಾರು?

ಯಾಕೊ? ಸ್ಕ್ರೀನ್ ನೋಡು ಅಂದರ ನನ್ನ ಮಾರಿ ಯಾಕ ನೋಡಲಕತ್ತಿ? ಬ್ಯಾಡ. ಹಂಗ ನೋಡಬ್ಯಾಡ. ಬೈಯೋದಿದ್ದರ ಬೈ...

ಪ್ರಿಯಾ ಬಾಗಲದಾಗ ನಿಂತಾಳ. ಏನವ್ವ? ಕಟ್ಟಿಗಿ ಅವನೇ ಬಡದ ಅಂತಲೇ ತಿಳದೀಯೇನು ನೀನೂ? ...ವಿನಯ, ಇಕಿಗೂ ಹೇಳಿಲ್ಲೇನು ನೀ? ದವಾಖಾನ್ಯಾಗ ಇಪ್ಪತ್ತು ದಿನ ಇದ್ದಿ. ಮನಿಗೆ ಬಂದು ಇಷ್ಟು ದಿನ ಆಯ್ತು. ಇಕಿ ನಿನಗ ತುತ್ತು ಮಾಡಿ ಉಣಿಸ್ಯಾಳ. ಒಂದು ಮಾತು ಸುದ್ದಾ ಹೇಳಿಲ್ಲ?

ಯಾಕೊ? ಭಾಲ್ಕಿಯಿಂದ ನಿನ್ನ ಇಲ್ಲಿಗೆ ಕರಕೊಂಡು ಬಂದಾಂವ ನಾ ಅಂತ? ಕಾಕಾ ಅಂತೀ ಅಂತ?



ನಾ ದಿನಾ ಹೆದರಿಕೊಂಡೇ ಇದ್ದೆ. ಇವತ್ತು ಹೇಳ್ತಾನ, ನಾಳೆ ಹೇಳ್ತಾನ ಅಂತ. ಕಾರಖಾನಿ ಗೇಟಿನ್ಯಾಗ ಯಾರರೆ ನನ್ನ ಹೆಸರು ಹಿಡದು ಕರದರ ಎದಿ ಝಲ್ ಅಂತಿತ್ತು. ಆಮ್ಯಾಗ ಅದೂ ನಿಂತು ಹೋಯ್ತು. ಏನೂ ಆಗವಲ್ದು. ಕಲ್ಲಿನಂಗ. ನೀ ಬಾಯೇ ಬಿಟ್ಟಿಲ್ಲ. ನಾ ಇಲ್ಲಿ ಕುಂತು ನಿನಗ ಏನು ಅನ್ನಬೇಕಂತ ಕಲಸಲಕತ್ತೀನಿ.

ಕೂಡವ್ವ ತಂಗಿ. ಕೂಡು, ಹೇಳ್ತೀನಿ.

ಆ ದಿನ ಸಂಜಿ ಒಳಗ ನಾಸಿಕಕ್ಕ ಮಾಲಿನ ಗಾಡಿ ಬಿಡಬೇಕಾಗಿತ್ತು. ಪೀಸು ಕಮ್ಮಿ ಬಿದ್ದಿದ್ದವು. ಒಂದು ಕೈಲೆ ಒತ್ತಿ, ಇನ್ನೊಂದು ಕೈಲೆ ಪೀಸು ತೆಗದರ ಲಗೂ ಆಗ್ತದಲ್ಲ... ಕಟ್ಟಿಗಿ ಬಡದಾಂವ ನಾ. ಈ ಕೈಲೆ. ಇಂವ ಬ್ಯಾಡ್ರಿ ಕಾಕಾ ಅಂದ. ಎರಡು ಸಲ ಅಂದ. ಎರಡನೇ ಸಲ ಅಂದಾಗ ನಾ ಏನಂದೆ ಗೊತ್ತದೇನು? 'ನಿನಗ ಇಲ್ಲಿ ನೌಕರಿ ಹಚ್ಚಿದಾಂವ ಯಾರೊ?' ಅಂದೆ.

ಆಮ್ಯಾಲ ಇಂವ ಎಡಗೈಲೆ ಬಟನ್ ಒತ್ತಿ, ಬಲಗೈ ಪೀಸು ತೆಗೀಲಕ್ಕ ಒಳಗ ಹಾಕಿದ.

ಮಂದಿ ಎಲ್ಲಾ ಇವನ ಹಿಂದ ಓಡಿದರು, ರಿಕ್ಷಾ ತಂದರು, ದವಾಖಾನಿಗೆ ಒಯ್ದರು. ನಾ ಹೋಗಲಿಲ್ಲ. ನಾ ಅಲ್ಲೇ ನಿಂತು ಆ ಕಟ್ಟಿಗಿ ಕಿತ್ತಿ ಕಿಸೆಯಾಗ ಹಾಕೊಂಡೆ. ಮೊದಲು ಅದನ್ನೇ ಮಾಡಿದೆ ನೋಡು. ರಕ್ತ ಒರಸೋಕಿಂತ ಮೊದಲು.

ಅಳಬ್ಯಾಡವ್ವ. ಇಲ್ಲ, ಅಳು... ನಿನಗರೆ ಬರಲಿ.

ನಾಳೆ ಹತ್ತಕ್ಕ ಅವರು ಕರದಾಗ ನಾನೇ ಹೇಳ್ತೀನಿ. ...ವಿನಯ? ನಂಬಿಕಿ ಬರವಲ್ದೇನು? ...ಬರಬಾರದು. ನನಗೂ ನನ್ನ ಮ್ಯಾಲ ಬರವಲ್ದು.

ಎಷ್ಟಾಯ್ತು ಟೈಮ? ಮೂರೂವರಿ. ಮೇಡಂ ಐದರ ತನಕಾ ಆಫೀಸಿನ್ಯಾಗ ಇರ್ತಾರ. ಈಗಲೇ ಕಾಲ್ ಹಚ್ಚು ಪ್ರಿಯಾ. ಪುಣೆಯಾಂವ ಇರದಿದ್ದರೂ ನಡೀತದ, ನಾಸಿಕಕ್ಕ ಹಚ್ಚು. ನಾಳಿಗೆ ಬಿಡಬ್ಯಾಡ ತಂಗಿ. ನಿದ್ದಿ ಮಾಡಿ ಎದ್ದರ ನಾ ಮತ್ತ ಆ ಮನುಷ್ಯಾನೇ ಆಗ್ತೀನಿ.