ಕೊನೆಯ ಅಧ್ಯಾಯದ ಅಡುಗೆಯವನು

ದೀಪ ಸ್ವಲ್ಪ ಇಳಿಸು. ಇದು ಯಾರೋ ಹೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಬರೆಯೋ ಹುಚ್ಚಿನವನು. ಮನೆಯವರೆಲ್ಲ ಕಾದಂಬರಿ ಅಣ್ಣ ಅಂತಲೇ ಕರೀತಿದ್ದರು.

ಅವನ ಪಕ್ಕದ ಬೀದಿಯಲ್ಲಿ ಹಡಗು ರಿಪೇರಿ ಮಾಡೋ ಮುದುಕ ಬಡಗಿ ಒಬ್ಬನಿದ್ದ. ಆ ಬಡಗಿಯ ತಾತ ನೂರು ವರ್ಷದ ಹಿಂದೆ ಒಂದು ಹಾಯಿಹಡಗಿನಲ್ಲಿ ಅಡುಗೆಯವನು. ನಡುಸಮುದ್ರದಲ್ಲಿ ಕಪ್ತಾನ ಉಣ್ತಾ ಉಣ್ತಾನೇ ಸತ್ತ. ವಿಷ. ವಿಚಾರಣೆ ಇಲ್ಲ, ಏನಿಲ್ಲ... ಅಡುಗೆಯವನ ಕೈಕಾಲು ಕಟ್ಟಿ ನೀರಿಗೆ ಎಸೆದರು.

"ನಮ್ಮ ತಾತ ಉಪ್ಪು ಬಿಟ್ಟು ಬೇರೇನೂ ಹಾಕಿರಲಿಲ್ಲ ಕಣಪ್ಪಾ. ಅದನ್ನ ಬರಿ," ಅಂದಿದ್ದ ಬಡಗಿ. ಬರೀತೀನಿ ಅಂತ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ ಅಣ್ಣ.

ಬರೆದ. ಮುನ್ನೂರು ಪುಟ ಓದುಗರು ಆ ಅಡುಗೆಯವನಿಗಾಗಿ ಅಳ್ತಾರೆ. ಕೊನೆಯ ಅಧ್ಯಾಯದಲ್ಲಿ... ವಿಷ ಹಾಕಿದ್ದು ಅವನೇ! ಜನ ಹೌಹಾರಿದರು. ಪುಸ್ತಕ ಮನೆಮನೆಗೆ ಹೋಯ್ತು. ಬಡಗಿ ಬಂದು ಬಾಗಿಲಲ್ಲಿ ನಿಂತು, "ಯಾಕಪ್ಪಾ ಹೀಗೆ ಮಾಡಿದೆ?" ಅಂದರೆ ಇವನು ನಕ್ಕುಬಿಟ್ಟ.

"ಕತೆ ತಾನೇ ಅಜ್ಜಾ. ನೂರು ವರ್ಷದಿಂದ ನೀರಲ್ಲಿರೋನಿಗೆ ಮಾನ ಏನು, ಮರ್ಯಾದೆ ಏನು?"

ಆ ವಾರವೇ... ಓದುಗರ ಸಭೆ ಮುಗಿಸಿ ರಾತ್ರಿ ಒಬ್ಬನೇ ಬರ್ತಿದ್ದ. ದಾರಿಯಲ್ಲಿ ಪಾಳು ಬಾವಿ. ಹಗ್ಗ, ರಾಟೆ ಕಿತ್ತುಹೋಗಿ ಎಷ್ಟೋ ವರ್ಷ. ಕಿರ್‍ರ್... ಕಿರ್‍ರ್... ಒದ್ದೆ ಹಗ್ಗ ಭಾರ ಎಳೆಯೋ ಸದ್ದು. ಆಮೇಲೆ ತಪ್... ತಪ್... ಕಲ್ಲಿನ ಮೇಲೆ ಬರಿಗಾಲು. ಅಣ್ಣ ಹೆಜ್ಜೆ ಜೋರು ಮಾಡಿದ. ತಿರುಗಿ ನೋಡಲಿಲ್ಲ. ಕಿವಿಯ ಪಕ್ಕದಲ್ಲೇ ಪಿಸುದನಿ.

"ಊಟ ಆಯ್ತಾ?"

"ಇ... ಇಲ್ಲ."

"ಇನ್ಮೇಲೆ ನಾನೇ ಬಡಿಸ್ತೀನಿ."

ಎದ್ದೆನೋ ಬಿದ್ದೆನೋ ಅಂತ ಮನೆಗೆ ಬಂದು ತಟ್ಟೆ ಮುಂದೆ ಕೂತ. ಮೊದಲ ತುತ್ತು... ಥೂ! ಸಮುದ್ರದ ನೀರು. ಹೆಂಡತಿ ಅದೇ ತಟ್ಟೆಯಿಂದ ತಿಂದು ನೋಡಿದಳು. "ಚೆನ್ನಾಗೇ ಇದೆಯಲ್ಲರೀ?" ಹಾಲು ಉಪ್ಪು. ಹಣ್ಣು ಉಪ್ಪು. ಡಾಕ್ಟರು ನಾಲಿಗೆ ನೋಡಿ ಏನೂ ಇಲ್ಲ ಅಂದರು. ಎರಡೇ ತಿಂಗಳಲ್ಲಿ ಅಣ್ಣ ಒಣಗಿ ಕಡ್ಡಿಯಾದ.

ಕೊನೆಗೆ ಆ ಅಧ್ಯಾಯ ಹರಿದೆಸೆದ. ಅಡುಗೆಯವನು ನಿರಪರಾಧಿ ಅಂತ ಹೊಸದಾಗಿ ಬರೆದು ಅಚ್ಚು ಹಾಕಿಸಿ, ಆ ಪ್ರತಿ ಹಿಡಿದು ಬಡಗಿಯ ಕಾಲಿಗೆ ಬಿದ್ದ.

"ತಪ್ಪಾಯ್ತು ಅಜ್ಜಾ. ಕ್ಷಮಿಸಿಬಿಡು."

ಬಡಗಿ ಉಳಿ ಕೆಳಗಿಟ್ಟ. ಪುಸ್ತಕದ ಮೇಲೆ ಬಿದ್ದ ಮರದ ಹೊಟ್ಟು ಒರೆಸಿದ.

"ನಾನು ಕ್ಷಮಿಸಿದ್ದೀನಿ ಕಣಪ್ಪಾ. ತಾತನ ವಿಷಯ... ಅದು ನನ್ನ ಕೈಲಿಲ್ಲ."

ಇವತ್ತಿಗೂ ಅಣ್ಣನ ಬಾಯಿಗೆ ರುಚಿ ಬಂದಿಲ್ಲ. ನಂಬದಿದ್ದರೆ ಅತ್ತಿಗೆಯನ್ನ ಕೇಳು. ರಾತ್ರಿ ಒಲೆ ಆರಿಸಿ, ಅಡುಗೆಮನೆಗೆ ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗ್ತಾಳೆ. ನಾನೇ ಒಂದು ವಾರ ಅಲ್ಲಿದ್ದೆ. ಕೈಯಾರೆ ಮುಟ್ಟಿ ನೋಡಿದೀನಿ, ನನ್ನಾಣೆಗೂ ನಿಜ...

ಬೆಳಗ್ಗೆ ಒಲೆ ಬಿಸಿಯಾಗಿರುತ್ತೆ.