ಮೂಗರ್ಜಿಯ ಕೊನೆಯ ಸಾಲು

ಮೊದಲು ನಮ್ಮ ಕೋದಂಡರಾಮಪ್ಪನವರ ಪಟಕ್ಕೆ ಕೈಮುಗಿಯುತ್ತೇನೆ. ಅಮ್ಮಾ ಅನಸೂಯಮ್ಮನವರೇ, ಮಕ್ಕಳೇ, ಸಂಘದ ಅಧ್ಯಕ್ಷರೇ, ಬೈರಕೂರು, ದೇವರಾಯಸಮುದ್ರದಿಂದ ಬಸ್ಸು ಹಿಡಿದು ಬಂದಿರುವ ಕಕ್ಷಿದಾರರೇ, ಕರಿ ಕೋಟಿನ ನನ್ನ ಅಣ್ಣತಮ್ಮಂದಿರೇ — ಎಲ್ಲರಿಗೂ ಈ ಚನ್ನರಾಯಪ್ಪನ ನಮಸ್ಕಾರ.

ಇಷ್ಟು ಜನ ಹಿರಿಯರಿರುವಾಗ ಇವನನ್ನೇ ಯಾಕೆ ಮಾತಿಗೆ ಕರೆದರು ಅಂತ ಕೆಲವರಿಗೆ ಅನುಮಾನ ಬಂದಿದೆ. ಮುಖದಲ್ಲೇ ಕಾಣುತ್ತದೆ. ನಾನೂ ಅನುಮಾನದ ಮನುಷ್ಯನೇ — ಹಾಲು ಕೊಟ್ಟರೆ ನೀರೆಷ್ಟು ಅಂತ ನೋಡುವವನು, ನೀರು ಕೊಟ್ಟರೆ ಯಾಕೆ ಕೊಟ್ಟರು ಅಂತ ಕೇಳುವವನು. ಈ ಮುಳಬಾಗಿಲು ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ ಪಾಟೀಸವಾಲು ಮಾಡಿ ಮಾಡಿ ಬುದ್ಧಿಯೇ ಹಾಗಾಗಿದೆ.

ಕೋದಂಡರಾಮಪ್ಪನವರ ಕಾಗದಗಳು ನಿಮಗೆಲ್ಲ ಗೊತ್ತು. ವಿಧಾನಸೌಧದಲ್ಲಿ ಯಾರು ಮಂತ್ರಿಯಾದರೂ ಮಾರನೆಯ ದಿನ ಅಭಿನಂದನೆಯ ಕಾಗದ. ಪದವಿ ಹೋದರೆ, ಹೋದವರಿಗೂ ಒಂದು ಕಾಗದ. ಆಮೇಲಿನ ಕಾಗದದಲ್ಲಿ ಕೆಲಸ ಕೇಳುತ್ತಿದ್ದರು — ತಮಗಲ್ಲ, ಯಾರಿಗೋ. ಇಗೋ, ಅಲ್ಲಿ ಕೂತಿದ್ದಾರಲ್ಲ ಮುತ್ಯಾಲಮ್ಮ, ಅವರನ್ನು ಶಾಲೆಯ ಆಯಾ ಮಾಡಿಸಲು ಹದಿನಾಲ್ಕು ಕಾಗದ! ಪ್ರತಿ ಹಾಳೆಯ ಕೆಳಗೂ ಕಾರ್ಬನ್. ಒಂದು ಪ್ರತಿ ಸರ್ಕಾರಕ್ಕೆ, ಒಂದು ಪ್ರತಿ ಅವರ ಟ್ರಂಕಿಗೆ.

ತಮಗಾಗಿ ಕೇಳಿದ್ದು ಒಂದೇ ಸಲ. ಎಪ್ಪತ್ತೆಂಟರಲ್ಲಿ, ಸರ್ಕಾರಿ ವಕೀಲರ ಹುದ್ದೆ. ಆಗಲೇ ಬೆಂಗಳೂರಿಗೆ ಒಂದು ಮೂಗರ್ಜಿ ಹೋಯಿತು. ‘ಈ ಮನುಷ್ಯ ಕೆಲಸ ಕೊಡಿಸುತ್ತೇನೆ ಅಂತ ಬಡವರ ಹತ್ತಿರ ಲಂಚ ತಿನ್ನುತ್ತಾನೆ.’ ಕೆಳಗೆ ಹೆಸರಿಲ್ಲ, ‘ಒಬ್ಬ ನೊಂದ ನಾಗರಿಕ.’ ಹುದ್ದೆ ನಮ್ಮ ಕದಿರಪ್ಪನವರಿಗೆ ಹೋಯಿತು. ಲಕೋಟೆಯ ಮೇಲೆ ಶ್ರೀನಿವಾಸಪುರದ ಅಂಚೆಮುದ್ರೆ ಅಂತ ಸುದ್ದಿ ಬಂತು. ಕದಿರಪ್ಪನವರ ಹೆಂಡತಿಯ ತವರು ಯಾವುದು? ಶ್ರೀನಿವಾಸಪುರ. ಸರಿ, ಇನ್ನೇನು ಬೇಕು! ಸಾಕ್ಷಿಯಿಲ್ಲದೆ ತೀರ್ಪು ಕೊಡಬಾರದು ಅಂತ ದಿನಾ ಕೂಗುವ ನಾವೇ, ಕೋರ್ಟಿನ ಹಿಂದಿನ ಹೋಟೆಲಿನಲ್ಲಿ ನಿಂತು ತೀರ್ಪು ಕೊಟ್ಟುಬಿಟ್ಟೆವು.

ಆವತ್ತಿನಿಂದ ಕದಿರಪ್ಪನವರ ಜೊತೆ ಯಾರೂ ಬೈ-ಟು ಕಾಫಿ ಕುಡಿಯಲಿಲ್ಲ. ಎಂಟು ವರ್ಷ. ಇಡೀ ಕಾಫಿ ತರಿಸಿಕೊಂಡು ಒಬ್ಬರೇ ಕುಡಿದರು. ಅವರ ಜೊತೆ ಲೋಟ ಹಂಚಿಕೊಂಡವರು ಒಬ್ಬರೇ — ಕೋದಂಡರಾಮಪ್ಪನವರು. ನಾವು ಏನಂದೆವು? ‘ಎಂಥ ದೊಡ್ಡ ಮನಸ್ಸು, ಶತ್ರುವಿನ ಜೊತೆ ಕಾಫಿ!’ ಆ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಕೇಳಲಿಲ್ಲ.

ಹತ್ತು ದಿನದ ಹಿಂದೆ, ಅಂತ್ಯಕ್ರಿಯೆಯ ದಿನ, ಕದಿರಪ್ಪನವರು ಹಾರ ತಂದಾಗ ಅನಸೂಯಮ್ಮನವರು ಮುಖ ತಿರುಗಿಸಿದರು. ನೋಡಿದಿರಿ. ನೋಡಿ ತಲೆಯಾಡಿಸಿದಿರಿ ಕೂಡ. ಮಾರನೆಯ ದಿನ ಅಮ್ಮ ನನಗೆ ಹೇಳಿ ಕಳಿಸಿದರು. ಟ್ರಂಕು ಮುಂದಿಟ್ಟು, ‘ಚನ್ನರಾಯಪ್ಪನೋರೇ, ಆ ಮೂಗರ್ಜಿ ಇದರಾಗೇ ಐತೆ. ನಮ್ಮೋರು ಬಾಯಿ ಬಿಡ್ಲೇ ಇಲ್ಲ. ಅದು ಕದಿರಪ್ಪಂದೇ ಅಂತ ಪತ್ತೆ ಮಾಡಿ ಸಭೇಲಿ ಹೇಳ್ಬಿಡಿ. ನನ್ನ ಹೊಟ್ಟೆ ಉರಿ ತಣ್ಣಗಾಗ್ಲಿ’ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ — ಆವತ್ತು ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ. ಟ್ರಂಕು ತಗೊಂಡು ಮನೆಗೆ ಬಂದೆ.

ಮೂಗರ್ಜಿ ಸಿಕ್ಕಿತು. ‘ವಿವರಣೆ ಕೊಡಿ’ ಅಂತ ಸರ್ಕಾರ ಅವರಿಗೇ ಕಳಿಸಿದ್ದ ಪ್ರತಿ. ಟೈಪ್ ಮಾಡಿಸಿದ್ದು, ಕೈಬರಹ ಇಲ್ಲ. ಆದರೆ ವಕೀಲ ಬಾಂಧವರೇ, ಬರೆದವನು ಒಂದು ತಪ್ಪು ಮಾಡಿದ್ದ. ದಾವೆ ಬರೆದ ಮೇಲೆ ಕೆಳಗೆ ವೆರಿಫಿಕೇಷನ್ ಬರೆಯುತ್ತೇವಲ್ಲ — ‘ಮೇಲ್ಕಂಡ ಸಂಗತಿಗಳು ನನಗೆ ತಿಳಿದ ಮಟ್ಟಿಗೆ ಸತ್ಯ’ ಅಂತ — ಕೈಯ ಅಭ್ಯಾಸ ನೋಡಿ, ಹೆಸರಿಲ್ಲದ ಅರ್ಜಿಗೂ ಅದನ್ನು ಬರೆದಿದ್ದ! ಅದರ ಮುಂದೆ ಇನ್ನೊಂದು ಸಾಲು: ‘ಇದರಲ್ಲಿ ಏನನ್ನೂ ಮುಚ್ಚಿಟ್ಟಿರುವುದಿಲ್ಲ.’

ನಗಬೇಡಿ... ಆ ಸಾಲನ್ನು ಈ ತಾಲ್ಲೂಕಿನಲ್ಲಿ ಯಾರು ಬರೆಯುತ್ತಾರೆ? ಯಾರನ್ನು ಅದಕ್ಕಾಗಿ ನೀವೆಲ್ಲ ಗೇಲಿ ಮಾಡುತ್ತೀರಿ?

ಹೌದು. ನಾನೇ. ಆ ಮೂಗರ್ಜಿ ಬರೆದವನು ಈ ಚನ್ನರಾಯಪ್ಪ.

ಕೂತ್ಕೊಳ್ಳಿ, ದಯವಿಟ್ಟು ಕೂತ್ಕೊಳ್ಳಿ. ಪೂರ್ತಿ ಹೇಳಿಬಿಡುತ್ತೇನೆ. ಆ ವರ್ಷ ಜೂನ್‌ನಲ್ಲಿ ಒಂದು ದಿನ ಕೋದಂಡರಾಮಪ್ಪನವರ ಕಚೇರಿಗೆ ಹೋದೆ. ಮಂತ್ರಿಗೆ ಕಾಗದ ಬರೆಯುತ್ತಿದ್ದರು. ಅದರಲ್ಲಿ ನನ್ನ ಹೆಸರು ಕಂಡಿತು. ನನ್ನನ್ನು ನೋಡಿ ಹೀಗೆ — ಮೊಣಕೈ ಅಡ್ಡ ಇಟ್ಟರು. ‘ಏಮಯ್ಯಾ ಚನ್ನರಾಯಪ್ಪಾ, ಬಾ, ಕೂತ್ಕೋ’ ಅಂದರು. ನಾನು ಕೂರಲಿಲ್ಲ. ಆಗ ನಾನು ನೋಟರಿಗೆ ಅರ್ಜಿ ಹಾಕಿದ್ದೆ. ಇವರು ಕಲ್ಲು ಹಾಕುತ್ತಿದ್ದಾರೆ ಅಂತ ತಲೆಗೆ ಬಂತು. ಕೇಳಬಹುದಿತ್ತು. ಒಂದು ಮಾತು ಕೇಳಬಹುದಿತ್ತು! ಕೇಳದೆ ಕೋಲಾರಕ್ಕೆ ಹೋಗಿ ಟೈಪ್ ಮಾಡಿಸಿ, ಶ್ರೀನಿವಾಸಪುರದಲ್ಲಿ ಒಂದು ಕೇಸಿಗೆ ಹೋದಾಗ ಡಬ್ಬಿಗೆ ಹಾಕಿದೆ. ಕದಿರಪ್ಪನವರ ಮೇಲೆ ಬರಲಿ ಅಂತಲೇ ಹಾಕಿದೆಯಾ? ಇಲ್ಲ ಅಂತ ಎಂಟು ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಆ ಸಾಕ್ಷಿಯನ್ನೂ ನಾನು ನಂಬುವುದಿಲ್ಲ.

ಮೂಗರ್ಜಿಗೆ ಗುಂಡುಸೂಜಿ ಚುಚ್ಚಿ ಇನ್ನೆರಡು ಹಾಳೆ ಸೇರಿಸಿದ್ದರು. ಒಂದು, ಜೂನ್‌ನ ಕಾಗದದ ಕಾರ್ಬನ್ ಪ್ರತಿ: ‘ಚನ್ನರಾಯಪ್ಪನವರು ಯೋಗ್ಯರು, ನೋಟರಿಯಾಗಿ ನೇಮಿಸಬೇಕು.’ ಇನ್ನೊಂದು ಸೆಪ್ಟೆಂಬರಿನದು, ಅದೇ ವಿಷಯಕ್ಕೆ ಜ್ಞಾಪನೆ. ಸೆಪ್ಟೆಂಬರ್! ಆ ಹೊತ್ತಿಗೆ ನನ್ನ ಮೂಗರ್ಜಿ ಅವರ ಕೈ ಸೇರಿ ಒಂದು ತಿಂಗಳಾಗಿತ್ತು. ಆ ಕೊನೆಯ ಸಾಲಿನ ಕೆಳಗೆ ನೀಲಿ ಪೆನ್ಸಿಲಿನ ಗೆರೆ ಇದೆ. ಗೊತ್ತಿತ್ತು ಅವರಿಗೆ. ಗೊತ್ತಿದ್ದೇ ನನಗೆ ನೋಟರಿ ಕೊಡಿಸಿದರು. ನಾನು ನನ್ನ ಯೋಗ್ಯತೆಗೆ ಬಂತು ಅಂತ ಪೇಟೆಯಲ್ಲೆಲ್ಲ ಸಿಹಿ ಹಂಚಿದೆ. ಮೊದಲ ಪೊಟ್ಟಣ ಅವರಿಗೇ ಕೊಟ್ಟೆ. ಅವರು ತಿಂದರು.

ಆದರೂ ಒಂದು ಅನುಮಾನ ಬಿಡುತ್ತಿಲ್ಲ. ಗೊತ್ತಿದ್ದರೆ ಕದಿರಪ್ಪನವರನ್ನು ಈ ಅಪವಾದದಿಂದ ಯಾಕೆ ಬಿಡಿಸಲಿಲ್ಲ? ಬಾಯಿ ಬಿಟ್ಟು ಒಂದು ಮಾತು ಹೇಳಬಹುದಿತ್ತಲ್ಲ! ನಾನೇ ಬಂದು ಹೇಳುತ್ತೇನೆ ಅಂತ ಕಾದರೋ? ನನ್ನ ಮರ್ಯಾದೆ ಉಳಿಸಲು ಇನ್ನೊಬ್ಬರ ಮರ್ಯಾದೆ ಹೋಗಲಿ ಅಂದರೋ? ಸತ್ತವರನ್ನು ಹೊಗಳಲು ಬಂದ ಸಭೆ ಇದು, ಆದರೂ ಹೇಳುತ್ತೇನೆ — ಅದು ಅವರ ತಪ್ಪು. ಇಂಥ ತಪ್ಪು ಮಾಡುವ ಕೆಲಸವನ್ನು ಅವರಿಗೆ ಕೊಟ್ಟವನು ನಾನು.

ಅಮ್ಮಾ, ನೀವು ನನ್ನ ಕಡೆ ನೋಡಬೇಡಿ. ಕ್ಷಮೆ ಕೇಳುವ ಮುಖವೂ ನನಗಿಲ್ಲ. ನಿಮ್ಮ ಟ್ರಂಕು ವಾಪಸ್ ತಂದಿದ್ದೇನೆ, ಒಂದು ಹಾಳೆಯನ್ನೂ ತೆಗೆದಿಲ್ಲ. ತೆಗೆಯಬೇಕು ಅನ್ನಿಸಿತ್ತು — ಎರಡು ಸಲ. ಅದನ್ನೂ ಹೇಳಿದೆ. ನೋಟರಿಯ ಮೊಹರು ಅಧ್ಯಕ್ಷರ ಮೇಜಿನ ಮೇಲಿದೆ. ಸಂಘ ನನಗೆ ಏನು ಮಾಡಿದರೂ ಒಪ್ಪಿಗೆ.

ಇನ್ನು ಕೋದಂಡರಾಮಪ್ಪನವರಿಗೆ ಎರಡು ನಿಮಿಷ ಎದ್ದು ನಿಂತು ಮೌನವಾಗಿ ಗೌರವ ಸಲ್ಲಿಸಬೇಕು. ಸ್ವಲ್ಪ ತಾಳಿ, ಇನ್ನೂ ಏಳಬೇಡಿ. ಕದಿರಪ್ಪನವರು ಹೊರಗೆ ಜಗುಲಿಯಲ್ಲಿ ನಿಂತಿದ್ದಾರೆ, ಒಳಗೆ ಯಾರೂ ಜಾಗ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಕುರ್ಚಿ ಖಾಲಿ ಇದೆ. ಕದಿರಪ್ಪನವರೇ, ಒಳಗೆ ಬನ್ನಿ, ಕೂತ್ಕೊಳ್ಳಿ — ನೀವು ಕೂತ ಮೇಲೆ ನಾವೆಲ್ಲ ಎದ್ದು ನಿಲ್ಲುತ್ತೇವೆ.