ಫಿಲ್ಟರ್ ಟ್ಯೂಬಿನ ಟ್ಯಾಂಕು

ಕೊಲ್ಲಿ ದೇಶದ ಅಲ್ ಮವಾಲೇಹ್ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಯ ವಾಷರ್‌ಗೆಂದು ಕಾಯುತ್ತಿದ್ದೆ. ನನ್ನ ಮುಂದಿದ್ದ ಗಂಡ ಹೆಂಡತಿ, ಸುತ್ತ ಕನ್ನಡ ಬಲ್ಲವರಿಲ್ಲ ಎಂಬ ಧೈರ್ಯದಲ್ಲಿ ಮಾತನಾಡುತ್ತಿದ್ದರು. ಆಕೆಗೆ ನನ್ನದೇ ವಯಸ್ಸು, ನಲವತ್ತರ ಆಸುಪಾಸು. ಕೈಯಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಟ್ಯೂಬು.

“ನೀರಿನ ಫಿಲ್ಟರಿಗೆ ಅಂತ ತಿಳ್ಕೊಂಡೆ ಹರಿಣಾಕ್ಷಿ. ನೀನು ಇದರಲ್ಲಿ ಇ-ಸಿಗರೇಟಿಗೆ ಲಿಕ್ವಿಡ್ ತುಂಬುವ ಟ್ಯಾಂಕ್ ಮಾಡುದಾ?”

“ಹೌದು. ಹಳೆಯದು ಒಡೀತು, ಇಲ್ಲಿ ಮಾರುದು ಬ್ಯಾನ್. ಎರಡು ರಬ್ಬರ್ ರಿಂಗ್ ಹಾಕಿದ್ರೆ ಲಿಕ್ವಿಡ್ ಸೋರುದಿಲ್ಲ.”

“ಎಲ್ಲಿ ಕಲ್ತದ್ದು ಇದನ್ನೆಲ್ಲ?”

“ಹದಿನೆಂಟು ವರ್ಷ ಮನೆಯ ಫಿಲ್ಟರ್ ರಿಪೇರಿ ಮಾಡಿದ್ದು ಯಾರು, ನೀವಾ?”

“ಹೆಂಗಸರು ಸೇದುದು ಅಂದ್ರೆ ಎಂತ ಮಾರಾಯ್ತಿ!”

“ನೀವು ಬಾಲ್ಕನಿಯಲ್ಲಿ ದಿನಕ್ಕೊಂದು ಪ್ಯಾಕ್ ಸೇದಿದ್ರಿ, ನಾನು ಬೂದಿ ಗುಡಿಸಿದೆ. ಇದಕ್ಕೆ ಬೂದಿಯೂ ಇಲ್ಲ.”

“ಆರೋಗ್ಯ ಹಾಳಾಗ್ತದೆ.”

“ಗೊತ್ತುಂಟು. ನಿಮ್ಮದೂ.”

“ಶುಕ್ರವಾರ ನಿಜ್ವಾದಿಂದ ಅಕ್ಕ ಬರ್ತಾಳೆ. ಅಷ್ಟರೊಳಗೆ ಬಿಸಾಡು. ಅವಳಿಗೆ ಗೊತ್ತಾದ್ರೆ ನಾನು ಮುಖ ತೋರಿಸ್ಲಿಕ್ಕುಂಟಾ?”

“ಬಿಸಾಡುದಿಲ್ಲ, ಅಡಗಿಸುದೂ ಇಲ್ಲ. ದಿನಕ್ಕೆ ಹತ್ತು ನಿಮಿಷ ನಾನು ಸುಮ್ಮನೆ ಕೂತ್ಕೊಳ್ಳುದು ಅದು ಕೈಯಲ್ಲಿದ್ದಾಗ ಮಾತ್ರ.”

ಅಂಗಡಿಯವನು ಅವರತ್ತ ತಿರುಗಿದ. ಆಕೆ ಟ್ಯೂಬನ್ನು ಮುಂದಿಟ್ಟು, ಇದರೊಳಗೆ ಕೂರುವಂಥ ರಿಂಗ್ ನಾಲ್ಕು ಬೇಕೆಂದು ಹಿಂದಿಯಲ್ಲಿ ಕೇಳಿದಳು.

“ಎರಡು ಸಾಕು ಅಂದಿಯಲ್ಲ, ನಾಲ್ಕು ಯಾಕೆ?”

“ಈ ಟ್ಯೂಬಿನಲ್ಲಿ ಎರಡು ಟ್ಯಾಂಕ್ ಆಗ್ತದೆ, ಇನ್ನೊಂದು ನಿಮ್ಮ ಅಕ್ಕನಿಗೆ. ಹೋದ ಸಲ ಬಂದಾಗಲೇ ತನಗೂ ಒಂದು ಬೇಕು ಅಂತ ಹೇಳಿ ಹೋಗಿದ್ದಾರೆ.”

ಆಕೆ ರಿಂಗುಗಳ ಪೊಟ್ಟಣವನ್ನು ಬ್ಯಾಗಿಗೆ ಹಾಕಿಕೊಂಡು ಹೊರನಡೆದಳು. ಕೌಂಟರಿನ ಮೇಲೆ ಉಳಿದಿದ್ದ ಟ್ಯೂಬನ್ನು ಗಂಡ ಒಂದು ಕ್ಷಣ ನೋಡಿದ. ಆಮೇಲೆ ಅದನ್ನೆತ್ತಿಕೊಂಡು ಅವಳ ಹಿಂದೆ ಹೋದ.